ಹರಕೆ ಹೇಳಿ ಹೊರಟವರು

(ನಮ್ಮ ತಾಲ್ಲೂಕು ಗ್ರಂಥಾಲಯದ ತಿಂಗಳ ಮಾತುಕತೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಒಂದಿಷ್ಟು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದಿನನಿತ್ಯದ ಬದುಕು, ನಂಬಿಕೆ, ಓಡಾಟ, ಇದರ ಬಗ್ಗೆ ಏನಾದರೂ ಮಾತಾಡಿ ಅಂತ ಕೇಳಿದ್ದೀರಿ. ವಿಷಯ ದೊಡ್ಡದು. ನಾನು ಅದರಲ್ಲಿ ಒಂದೇ ಎಳೆ ಹಿಡಿದುಕೊಳ್ಳುತ್ತೇನೆ. ನಮ್ಮ ಕಡೆ ಹೆಂಗಸರು ಮನೆಯಿಂದ ಹೊರಗೆ ಹೊರಡಬೇಕಾದರೆ ಏನು ಕಾರಣ ಹೇಳುತ್ತಾರೆ? ಆ ಕಾರಣ ಅಷ್ಟೊಂದು ಸಲ ದೇವರೇ ಯಾಕಾಗಿರುತ್ತಾನೆ?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಸರಿಯಾಗಿ ಒಂದು ವಾರಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಾದಪ್ಪನ ಬೆಟ್ಟ, ಧರ್ಮಸ್ಥಳ, ಕುಕ್ಕೆ, ಎಲ್ಲ ಕಡೆಯ ಬಸ್ಸುಗಳೂ ತುಂಬಿ ತುಳುಕಿದವು. ಬಾಗಿಲಲ್ಲಿ ಜೋತುಬಿದ್ದವರು, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರು, ಎಲ್ಲರ ವಿಡಿಯೊಗಳೂ ಫೋನಿನಿಂದ ಫೋನಿಗೆ ಹರಿದಾಡಿದವು. ಜೊತೆಗೆ ಒಂದು ನಗು. 'ಬಿಟ್ಟಿ ಬಸ್ಸು ಸಿಕ್ಕಿದ್ದೇ ತಡ, ದೇವಸ್ಥಾನ ಸುತ್ತೋಕೆ ಹೊರಟರು. ಮನೇಲಿ ಗಂಡಸರಿಗೆ ಊಟಕ್ಕೆ ಗತಿಯಿಲ್ಲ.' ಓದಿದವರು, ತಿಳಿದವರು, ಹೆಣ್ಣುಮಕ್ಕಳ ಪರವಾಗಿ ಬರೆಯುವವರು ಕೂಡ ಹೀಗೇ ನಕ್ಕರು. ಇಷ್ಟು ದೊಡ್ಡ ಅವಕಾಶ ಸಿಕ್ಕರೂ ದೇವಸ್ಥಾನಕ್ಕೇ ಹೋಗಬೇಕಾ ಅಂತ ಕೆಲವರು ಬೇಸರಪಟ್ಟುಕೊಂಡರು.

ಆ ನಗು ನನಗೆ ನೋವು ಕೊಟ್ಟಿತು. ಯಾಕೆ ಅನ್ನುವುದೇ ನನ್ನ ಇವತ್ತಿನ ಮಾತು.

ನಮ್ಮೂರಿನ ಗಂಡಸರನ್ನು ನೋಡಿ. ಬೆಳಿಗ್ಗೆ ಷರ್ಟು ಹಾಕಿಕೊಂಡು 'ಪ್ಯಾಟೆಗೆ ಹೋಗ್ಬಿಟ್ ಬತ್ತೀನಿ' ಅಂದರೆ ಮುಗಿಯಿತು. ಯಾಕೆ ಅಂತ ಯಾರೂ ಕೇಳುವುದಿಲ್ಲ. ಹೋಟೆಲಿನ ಮುಂದೆ ಎರಡು ಟೀ ಕುಡಿದು, ನಾಲ್ಕು ಜನರ ಹತ್ತಿರ ಮಾತಾಡಿ, ಸಂಜೆ ಬರಿಗೈಲಿ ಬಂದರೂ ಅದು ಕೆಲಸವೇ. ಹೆಂಗಸಿಗೆ ಹಾಗಲ್ಲ. ಅವಳ ಹೊರಡುವಿಕೆಗೆ ಕಾರಣ ಬೇಕು. ಆ ಕಾರಣವನ್ನು ಮನೆಯವರು ಒಪ್ಪಬೇಕು. ನಮ್ಮ ಕಡೆ ಒಪ್ಪುವ ಕಾರಣಗಳು ತುಂಬಾ ಕಡಿಮೆ. ಆಸ್ಪತ್ರೆ, ತವರು, ಮದುವೆ, ಸಾವು, ದೇವರು. ಅಷ್ಟೇ.

ಇದರಲ್ಲಿ ಕಾಯಿಲೆ ಅವಳು ಕೇಳಿದಾಗ ಬರುವುದಿಲ್ಲ. ಮದುವೆ, ಸಾವು ಬೇರೆಯವರ ಮನೆಯವು. ತವರಿಗೆ ಹೋಗೋಣ ಅಂದರೆ 'ಮೊನ್ನೆ ತಾನೆ ಹೋಗಿದ್ದೆಯಲ್ಲ' ಅನ್ನುತ್ತಾರೆ. ಅವಳು ತಾನೇ ದಿನ ಗೊತ್ತು ಮಾಡಿಕೊಂಡು, ತಾನೇ ಊರು ಆರಿಸಿಕೊಂಡು ಹೊರಡಬಹುದಾದದ್ದು ಒಂದೇ, ಹರಕೆ. ಮಗುವಿಗೆ ಜ್ವರ ಬಂದಾಗ ಅವಳು ಮನಸ್ಸಿನಲ್ಲೇ ಹೊತ್ತುಕೊಂಡದ್ದು. ಸಾಕ್ಷಿ ಬೇಡ, ಲೆಕ್ಕ ಬೇಡ. ತೀರಿಸದಿದ್ದರೆ ಮನೆಗೇ ಕೇಡು ಅನ್ನುವ ಭಯ ಎಲ್ಲರಿಗೂ ಇದೆ. ಮಂಡ್ಯದ ಕಡೆಯ ನಮ್ಮ ಮನೆಯಲ್ಲಿ ನಾನು ಚಿಕ್ಕವಳಿದ್ದಾಗ ಕೇಳಿದ ಮಾತು ಇನ್ನೂ ನೆನಪಿದೆ. ನಮ್ಮ ಅಜ್ಜಿ, ಸೊಸೆಯರ ಮೇಲೆ ಬಹಳ ಬಿಗಿ ಇದ್ದವರು, ಚಿಕ್ಕಮ್ಮ ಬೆಟ್ಟಕ್ಕೆ ಹೋಗಬೇಕು ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 'ಹರಕೆ ಅಂದ್ಮ್ಯಾಕೆ ಬ್ಯಾಡ ಅನ್ನಕಾಯ್ತದಾ? ಹೋಗ್ಬುಟ್ ಬಾ ಕನವ್ವ.' ಬೇರೆ ಯಾವ ಕೋರಿಕೆಗೂ ಆ ಬಾಯಿಂದ ಆ ಮಾತು ಬರುತ್ತಿರಲಿಲ್ಲ.

ಹಾಗಂತ ಹರಕೆ ಸುಳ್ಳು ನೆಪ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ಚಿಕ್ಕಮ್ಮನಿಗೆ ಮಾದಪ್ಪನ ಮೇಲೆ ಇದ್ದ ಭಕ್ತಿ ನಿಜವಾದದ್ದು. ಹೊರಗೆ ಹೋಗುವ ಆಸೆಯೂ ಅಷ್ಟೇ ನಿಜವಾದದ್ದು. ಎರಡನ್ನೂ ಬಿಡಿಸಿ ನೋಡುವ ಗೋಜಿಗೆ ಅವರು ಹೋಗಲಿಲ್ಲ. ನಾವೂ ಹೋಗಬೇಕಿಲ್ಲ.

ನಮ್ಮ ಅಜ್ಜಿಯ ಕಾಲದಲ್ಲಿ ಬೆಟ್ಟಕ್ಕೆ ಹೋಗುವುದು ಅಂದರೆ ಎತ್ತಿನ ಗಾಡಿ. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸು ಇಟ್ಟುಕೊಂಡು ಸಾರಿಗೆ ಇಲಾಖೆ ಶುರು ಮಾಡಿತು. ನಮ್ಮಂಥ ಊರಿಗೆ ಬಸ್ಸು ಬಂದದ್ದು ಅದಾಗಿ ಬಹಳ ವರ್ಷಕ್ಕೆ. ಅಲ್ಲಿಯವರೆಗೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿ, ಅಕ್ಕಿ ಬೇಳೆ ಪಾತ್ರೆ ಕಟ್ಟಿಕೊಂಡು, ದಾರಿಯಲ್ಲಿ ಮರದ ಕೆಳಗೆ ಒಲೆ ಹೂಡಿ, ಕೊಳ್ಳೇಗಾಲ ದಾಟಿ, ಕೊನೆಗೆ ತಾಳಬೆಟ್ಟದಿಂದ ಮೇಲಕ್ಕೆ ಕಾಲ್ನಡಿಗೆ. 'ಉಘೇ ಉಘೇ ಮಾದಪ್ಪ' ಅನ್ನುತ್ತಾ ಹತ್ತಿದರೆ ಕಾಲುನೋವು ಗೊತ್ತಾಗುವುದಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಆದರೆ ಅವರು ಆ ಪ್ರಯಾಣದ ಬಗ್ಗೆ ಹೇಳುವಾಗ ಗುಡಿಯ ವಿಚಾರ ಬೇಗ ಮುಗಿದುಹೋಗುತ್ತಿತ್ತು. ಮರದ ಕೆಳಗಿನ ಅಡುಗೆ, ರಾತ್ರಿ ಹೆಂಗಸರೆಲ್ಲ ಕೂತು ಹೇಳಿಕೊಂಡ ಮಾತು, ಯಾರೋ ಹೇಳಿಕೊಂಡು ಅತ್ತದ್ದು, ಇದು ಮಾತ್ರ ಮುಗಿಯುತ್ತಿರಲಿಲ್ಲ.

ಆ ಬೆಟ್ಟದ ಕಥೆಯಲ್ಲೇ ಒಂದು ಹೆಣ್ಣಿನ ಕಥೆ ಇದೆ. ಕಂಸಾಳೆಯವರು, ದೇವರಗುಡ್ಡರು ಹಾಡುವ ಮಾದಪ್ಪನ ಕಾವ್ಯದಲ್ಲಿ ಸಂಕಮ್ಮನ ಸಾಲು ಅಂತ ಒಂದು ಭಾಗ. ಸೋಲಿಗರ ಸಂಕಮ್ಮನ ಗಂಡ ಜೇನು ಗೆಡ್ಡೆ ಗೆಣಸು ತರಲು ಹೆಜ್ಜೇನು ಮಲೆಗೆ ಹೊರಡುತ್ತಾನೆ. ಹೋಗುವ ಮುಂಚೆ ಅವನಿಗೆ ಅನುಮಾನ. ನಾನು ಇಲ್ಲದಾಗ ನೀನು ಹೇಗಿರುತ್ತೀಯೋ, ಭಾಷೆ ಕೊಡು ಅಂತ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅವನು ಅವಳನ್ನು ಹಿಂಸೆ ಮಾಡಿ, ಕಾಡಿನಲ್ಲಿ ಗುಡಿಸಲಿನೊಳಗೆ ಕೂಡಿಹಾಕಿ ಹೊರಟುಹೋಗುತ್ತಾನೆ. ಆಗ ಮಾದಪ್ಪ ತಾನೇ ಅವಳ ಬಾಗಿಲಿಗೆ ಬರುತ್ತಾನೆ. ಅವಳನ್ನು ಬಿಡಿಸುತ್ತಾನೆ, ಮಕ್ಕಳ ಭಾಗ್ಯ ಕೊಡುತ್ತಾನೆ.

ಕಥೆಯಲ್ಲಿ ಗಂಡ ಕಾಡು ಸುತ್ತಲು ಹೋದರೆ ಯಾರೂ ಅವನಿಂದ ಭಾಷೆ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲೇ ಇರುವವಳು ಭಾಷೆ ಕೊಡಬೇಕು. ಅವಳು ಕೊಡೆ ಅನ್ನುತ್ತಾಳೆ. ಆ ಹಟಕ್ಕೆ ದೇವರು ಸಿಟ್ಟಾಗುವುದಿಲ್ಲ, ಅವಳ ಕಡೆಗೇ ನಿಲ್ಲುತ್ತಾನೆ. ಈ ಹಾಡನ್ನು ರಾತ್ರಿಯಿಡೀ ಕೂತು ಕೇಳಿದ ಹೆಂಗಸರಿಗೆ ಆ ಬೆಟ್ಟ ಯಾಕೆ ತಮ್ಮದು ಅನ್ನಿಸುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇನ್ನೊಂದು ಕಡೆ ಸವದತ್ತಿಯ ಎಲ್ಲಮ್ಮ. ರೇಣುಕೆ ದಿನಾ ಬೆಳಿಗ್ಗೆ ಹೊಳೆಗೆ ಹೋಗಿ ಮರಳಿನ ಕೊಡದಲ್ಲಿ ನೀರು ತರುವವಳು. ಒಂದು ದಿನ ನೀರಿನಲ್ಲಿ ಆಡುತ್ತಿದ್ದ ಗಂಧರ್ವರನ್ನು ಕಂಡು ಒಂದು ಗಳಿಗೆ ನಿಂತಳು. ಕೊಡ ಉಳಿಯಲಿಲ್ಲ. ಮನೆಗೆ ಬರಿಗೈಲಿ ಬಂದವಳ ತಲೆ ತೆಗೆಯಲು ಗಂಡ ಮಗನಿಗೇ ಹೇಳಿದ. ಅವಳು ಮಾಡಿದ ತಪ್ಪೇನು? ಹೊರಗೆ ಹೋದಾಗ ಏನನ್ನೋ ನೋಡಿದ್ದು. ಅಷ್ಟೇ. ಅಂಥವಳನ್ನು ಕಾಣಲು ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು ಹತ್ತಿ ಲಕ್ಷಾಂತರ ಜನ ಬರುತ್ತಾರೆ. 'ಉಧೋ ಉಧೋ' ಅನ್ನುತ್ತಾ ಗುಡ್ಡ ಹತ್ತುತ್ತಾರೆ. ಅಲ್ಲೇ ಅಡುಗೆ ಮಾಡಿ, ಪಡ್ಡಲಗಿ ಅಂದರೆ ದೇವಿಯ ಎಡೆಯ ಬುಟ್ಟಿ ತುಂಬಿಸಿ, ಎಲ್ಲರೂ ಕೂತು ಉಣ್ಣುತ್ತಾರೆ.

ಈ ಗುಡ್ಡದ ಬಗ್ಗೆ ಮಾತಾಡುವಾಗ ಇನ್ನೊಂದನ್ನು ಮುಚ್ಚಿಡಬಾರದು. ದೇವಿಯ ಹೆಸರಿನಲ್ಲೇ ಬಡವರ ಮನೆಯ, ಅದರಲ್ಲೂ ದಲಿತರ ಮನೆಯ ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಅವರ ಇಡೀ ಬದುಕನ್ನು ಕಿತ್ತುಕೊಂಡರು. 1982ರಲ್ಲಿ ಕರ್ನಾಟಕ ಕಾನೂನು ಮಾಡಿ ಅದನ್ನು ನಿಷೇಧಿಸಿತು. ಕಾನೂನು ಬಂದ ಮೇಲೂ ಅದನ್ನು ನಿಲ್ಲಿಸಲು ಎಷ್ಟೋ ಜನ ಊರೂರು ಅಲೆಯಬೇಕಾಯಿತು. ಅವರಲ್ಲಿ ಹಿಂದೆ ದೇವದಾಸಿಯರಾಗಿದ್ದವರೇ ಬಹಳ ಜನ. ನಂಬಿಕೆ ಬಾಗಿಲು ತೆಗೆಯುತ್ತದೆ ಅಂತ ಹೇಳುವವಳು ಅದು ಬಾಗಿಲು ಹಾಕಿದ್ದನ್ನೂ ಹೇಳಬೇಕು. ಈ ಮಾತಿಗೆ ಮತ್ತೆ ಬರುತ್ತೇನೆ.

ನನ್ನ ಮೊದಲ ಕೆಲಸ ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ತೊಂಬತ್ತರ ದಶಕದ ಕೊನೆ. ಮಂಡ್ಯದವಳಿಗೆ ಅಲ್ಲಿಯ ಮಾತೂ ಹೊಸದು, ಬಿಸಿಲೂ ಹೊಸದು. ಆ ಊರಿಗೆ ಒಂದು ವಸ್ತಿ ಬಸ್ಸು ಇತ್ತು. ಇಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ, ರಾತ್ರಿ ಊರಿಗೆ ಬಂದು ಅಲ್ಲೇ ಉಳಿದು ಬೆಳಿಗ್ಗೆ ಹೊರಡುವ ಬಸ್ಸಿಗೆ ಆ ಕಡೆ ವಸ್ತಿ ಬಸ್ಸು ಅನ್ನುತ್ತಾರೆ. ನಮ್ಮ ಕಡೆಯ ನೈಟ್ ಹಾಲ್ಟ್. ಹನುಮಪ್ಪನ ಗುಡಿ ಮುಂದೆ ಬಂದು ನಿಲ್ಲುತ್ತಿತ್ತು. ಡ್ರೈವರು, ಕಂಡಕ್ಟರು ಗುಡಿ ಕಟ್ಟೆ ಮೇಲೆ ಹಾಸಿಗೆ ಬಿಚ್ಚುತ್ತಿದ್ದರು. ಬೇಸಿಗೆಯಲ್ಲಿ ಬಸ್ಸಿನ ಮೇಲೆಯೇ ಮಲಗುತ್ತಿದ್ದರು. ಯಾವುದಾದರೂ ಮನೆಯಿಂದ ರೊಟ್ಟಿ, ಝುಣಕ, ಮಜ್ಜಿಗೆ ಬರುತ್ತಿತ್ತು. ಆ ಊರಿಗೆ ಡಾಕ್ಟರಿರಲಿಲ್ಲ, ಬ್ಯಾಂಕಿರಲಿಲ್ಲ, ಕಾಲೇಜಿರಲಿಲ್ಲ. ಬೆಳಿಗ್ಗೆ ಆರು ಗಂಟೆಯ ಆ ಬಸ್ಸು ತಪ್ಪಿದರೆ ಅವತ್ತಿನ ದಿನವೇ ಹೋದ ಹಾಗೆ.

ಬಸ್ಸು ಹೊರಡುವ ಮುಂಚೆ ಡ್ರೈವರು ಊದಿನಕಡ್ಡಿ ಹಚ್ಚಿ, ಎದುರಿಗೆ ಅಂಟಿಸಿದ್ದ ದೇವರ ಫೋಟೊಗಳಿಗೆ ಬೆಳಗಿ, ಸ್ಟಿಯರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅಮಾವಾಸ್ಯೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಬೇರೆ. ಅಷ್ಟರಲ್ಲಿ ಹಾಲಿನ ಕ್ಯಾನು ಏರುತ್ತಿತ್ತು, ಪಾಸಿನ ಹುಡುಗರು ಏರುತ್ತಿದ್ದರು, ಬಸುರಿಯೊಬ್ಬಳನ್ನು ಅವಳ ತಾಯಿ ಕೈಹಿಡಿದು ಹತ್ತಿಸುತ್ತಿದ್ದಳು.

ಆ ಸಾಲಿನಲ್ಲಿ ಮೊದಲು ಬಂದು ನಿಲ್ಲುತ್ತಿದ್ದವರು ಒಬ್ಬ ತಾಯಿ. ಚಿಕ್ಕ ವಯಸ್ಸಿಗೇ ಗಂಡ ತೀರಿಹೋಗಿದ್ದ. ತಲೆ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಮೆಂತ್ಯೆ ಪಲ್ಲೆ, ಬದನೆಕಾಯಿ. ತಾಲ್ಲೂಕಿನ ಸಂತೆಯಲ್ಲಿ ಮಾರಿ ಸಂಜೆ ಬರುತ್ತಿದ್ದರು. ನಾನು ಬಾಡಿಗೆಗೆ ಇದ್ದ ಓಣಿಯಲ್ಲೇ ಅವರ ಮನೆ. ಓಣಿಯಲ್ಲಿ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ, ಕನ್ಯೆ ನೋಡಲು ಹೋಗಲಿ, ನೌಕರಿಯ ಸಂದರ್ಶನಕ್ಕೆ ಹೋಗಲಿ, ಇವರು ತಾವಾಗಿಯೇ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಎದುರಿಗೆ ಬಂದರೆ ಅಪಶಕುನ ಅಂತ. ಅವರಿಗೆ ಯಾರೂ ಹೋಗಿ ಹೇಳುತ್ತಿರಲಿಲ್ಲ. ಹೇಳಿಸಿಕೊಳ್ಳುವ ಮುಂಚೆಯೇ ಒಳಗೆ ಹೋಗುವುದನ್ನು ಅವರು ರೂಢಿ ಮಾಡಿಕೊಂಡಿದ್ದರು. ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು.

ಆದರೆ ಬೆಳಿಗ್ಗೆ ಆರು ಗಂಟೆಗೆ ಆ ಲೆಕ್ಕ ನಡೆಯುತ್ತಿರಲಿಲ್ಲ. ಸಂದರ್ಶನಕ್ಕೆ ಹೋಗುವ ಹುಡುಗ ಅವರ ಹಿಂದೆಯೇ ಸಾಲಿನಲ್ಲಿ ನಿಲ್ಲಬೇಕು. ಅವರು ಹತ್ತಿದ ಮೇಲೆ ಹತ್ತಬೇಕು. ಜಾಗ ಇದ್ದರೆ ಅವರ ಪಕ್ಕದಲ್ಲೇ ಕೂರಬೇಕು. ಶಕುನ ನೋಡಿಕೊಂಡು ಹತ್ತು ನಿಮಿಷ ತಡೆದು ಹೊರಡೋಣ ಅಂದರೆ ಬಸ್ಸು ಕಾಯುವುದಿಲ್ಲ. ರಾಹುಕಾಲ ಇರಲಿ, ಮಂಗಳವಾರ ಇರಲಿ, ಆರು ಗಂಟೆ ಅಂದರೆ ಆರು ಗಂಟೆ. ಯಾರೂ ಭಾಷಣ ಮಾಡಲಿಲ್ಲ, ಯಾರ ಮನಸ್ಸೂ ಒಂದೇ ಸಲ ಬದಲಾಗಲಿಲ್ಲ. ಬಸ್ಸಿನ ವೇಳೆಯ ಮುಂದೆ ಆ ಶಕುನ ನಿಲ್ಲಲಿಲ್ಲ, ಅಷ್ಟೇ. ಬರುಬರುತ್ತಾ ಅದೇ ತಾಯಿಗೆ 'ಕಾಕು, ನಮಗೂ ಒಂದ್ ಸೀಟ್ ಹಿಡೀರಿ' ಅಂತ ಹುಡುಗರು ಕೂಗಿ ಹೇಳುತ್ತಿದ್ದರು. ಓಣಿಯ ಬಾಗಿಲು ಮಾತ್ರ ನಾನು ಅಲ್ಲಿದ್ದಷ್ಟು ದಿನವೂ ಮುಂದೆ ಆಗುತ್ತಲೇ ಇತ್ತು.

ಜಾತಿಯ ವಿಷಯದಲ್ಲೂ ಬಸ್ಸು ಹೀಗೇ ಕೆಲಸ ಮಾಡಿದೆ, ಮತ್ತು ಇಷ್ಟೇ ಅರ್ಧ ಕೆಲಸ. ಬಾವಿಯ ಹತ್ತಿರ ಸೇರಿಸದವರು ಮೂರು ಜನರ ಸೀಟಿನಲ್ಲಿ ತೊಡೆಗೆ ತೊಡೆ ತಾಗಿಸಿ ಕೂತಿರುತ್ತಾರೆ. ಇಳಿದ ಮೇಲೆ ಮತ್ತೆ ಅವರವರ ಕೇರಿ.

ಶಕ್ತಿ ಯೋಜನೆ ಬಂದ ಮೇಲೆ ಆ ಊರಿನ ಹೆಂಗಸರು ನನಗೆ ಫೋನ್ ಮಾಡಿದರು. ಗೋಕರ್ಣ, ಮುರುಡೇಶ್ವರಕ್ಕೆ ಹೊರಟಿದ್ದೇವೆ, ಅಕ್ಕಾರ, ನೀವೂ ಬರ್ರಿ ಅಂತ. ಆ ಕಡೆ ಟೀಚರನ್ನು ಅಕ್ಕಾರ ಅಂತಲೇ ಕರೆಯುತ್ತಾರೆ. ಹುಬ್ಬಳ್ಳಿಯಲ್ಲಿ ಅವರನ್ನು ಸೇರಿಕೊಂಡೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಅರ್ಧ ಬಸ್ಸು ಕಿಟಕಿಗೆ ಮುಖ ಹಚ್ಚಿ ಕೂತಿತ್ತು. ಇಷ್ಟು ಗಿಡ ಒಂದೇ ಕಡೆ ಇರುವುದನ್ನು ಅವರಲ್ಲಿ ಬಹಳ ಜನ ನೋಡಿರಲಿಲ್ಲ. ರೊಟ್ಟಿ ಬುತ್ತಿ, ಶೇಂಗಾ ಚಟ್ನಿ, ಮೊಸರು, ಸೀಟಿನಿಂದ ಸೀಟಿಗೆ ಕೈ ಬದಲಾಗುತ್ತಿತ್ತು.

ಮುರುಡೇಶ್ವರದಲ್ಲಿ ಒಬ್ಬ ಮುದುಕಿ, ಎಪ್ಪತ್ತು ದಾಟಿದವರು, ಗುಡಿಗೆ ಹೋಗುವ ಮುಂಚೆ ಕಾಲು ತೊಳೆದುಕೊಳ್ಳಬೇಕು ಅಂತ ಸಮುದ್ರಕ್ಕೆ ಇಳಿದರು. ಇಳಿದವರು ಅಲ್ಲೇ ನಿಂತುಬಿಟ್ಟರು. ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡು ನನ್ನ ಕಡೆ ತಿರುಗಿ, 'ಖರೇನ ಉಪ್ಪೈತ್ರೀ ಅಕ್ಕಾರ' ಅಂದರು. ಆಮೇಲೆ, 'ಆ ದಂಡಿ ಎಲ್ಲೈತ್ರಿ?' ಅಂದರು. ಮಲಪ್ರಭೆ ನೋಡಿ ಬೆಳೆದವರು. ನೀರು ಅಂದಮೇಲೆ ಆಚೆ ದಡ ಇರಲೇಬೇಕು ಅವರಿಗೆ. ಕಾಣುವುದಿಲ್ಲ ಅಜ್ಜಿ, ಬಹಳ ದೂರ ಅಂದೆ. ದರ್ಶನದ ಹೊತ್ತು ಮುಗಿಯುತ್ತೆ, ಬರ್ರಿ ಅಂತ ಸೊಸೆ ಕರೆದಳು. 'ದೇವರು ಎಲ್ಲೂ ಹೋಗಂಗಿಲ್ಲ, ತಡೀಬೇ' ಅಂತ ಹೇಳಿ ಮತ್ತೆ ಸಮುದ್ರದ ಕಡೆ ತಿರುಗಿದರು.

ಈ ಅಜ್ಜಿ ಊರು ಬಿಡುವಾಗ ಏನು ಹೇಳಿ ಬಂದಿದ್ದರು? ಮಗನ ಬೋರಿಗೆ ನೀರು ಬಂದರೆ ಈಶ್ವರನಿಗೆ ಕಾಯಿ ಒಡೆಸುತ್ತೇನೆ ಅಂತ ಹರಕೆ. ಸಮುದ್ರ ನೋಡಬೇಕು ಅಂತ ಹೇಳಿದ್ದರೆ ಮಗ ಕಳಿಸುತ್ತಿದ್ದನಾ? ಕಳಿಸದೆ ಇರಲು ಅವನೇನು ಕೆಟ್ಟವನಲ್ಲ. ಆದರೆ ಎಪ್ಪತ್ತು ದಾಟಿದ ತಾಯಿಗೆ ಸಮುದ್ರ ನೋಡುವ ಆಸೆ ಇರಬಹುದು ಅಂತ ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ಕಾಯಿ ಒಡೆಸುವುದು ಅರ್ಥವಾಯಿತು. ಸಂಜೆ ಅವರು ಕಾಯಿಯನ್ನೂ ಒಡೆಸಿದರು, ಪೂರ್ತಿ ಭಕ್ತಿಯಿಂದ. ಪ್ರಸಾದವನ್ನು ಸೆರಗಿನಲ್ಲಿ ಕಟ್ಟಿಕೊಂಡರು. ಅದನ್ನು ನೋಡಿದ ಮೇಲೆ ಆ ಜೂನ್ ತಿಂಗಳ ನಗು ನನಗೆ ಇನ್ನೂ ಜಾಸ್ತಿ ಚುಚ್ಚಿತು.

ಈಗ ನಂಬಿಕೆ ಹಾಕುವ ಬಾಗಿಲಿನ ಮಾತು. ಹರಕೆ ಹೇಳಿ ಹೊರಡಲು ಅನುಮತಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಮುಂದೆ ಇನ್ನೊಂದು ತಡೆ ಇದೆ, ಮುಟ್ಟು. ಊರಿನವರೆಲ್ಲ ಸೇರಿ ದಿನ ಗೊತ್ತು ಮಾಡಿದ್ದಾರೆ, ಬಸ್ಸು ಬುಕ್ ಆಗಿದೆ, ಆ ದಿನವೇ ಆದರೆ ಏನು ಮಾಡುವುದು? ಎಷ್ಟೋ ಹೆಣ್ಣುಮಕ್ಕಳು ಮುಟ್ಟು ಮುಂದೆ ಹಾಕುವ ಮಾತ್ರೆ ನುಂಗುತ್ತಾರೆ. ಡಾಕ್ಟರನ್ನು ಕೇಳುವುದಿಲ್ಲ, ಸೀದಾ ಅಂಗಡಿಯಿಂದ ತರುತ್ತಾರೆ. ಹಾರ್ಮೋನಿನ ಮಾತ್ರೆ ಅದು. ಎಲ್ಲರ ಮೈಗೂ ಆಗಿಬರುವಂಥದ್ದಲ್ಲ. ಡಾಕ್ಟರಿಗೆ ತೋರಿಸದೆ ತೆಗೆದುಕೊಳ್ಳಲೇಬಾರದು. ನಮ್ಮ ಕಾಲೇಜಿನ ಹುಡುಗಿಯರಿಗೆ ಇದನ್ನು ನಾನು ಪ್ರತಿ ವರ್ಷ ಹೇಳುತ್ತೇನೆ. ಇಲ್ಲಿ ಕೂತಿರುವ ತಾಯಂದಿರಿಗೂ ಹೇಳುತ್ತೇನೆ. ನಿಮ್ಮ ಮೈಯನ್ನು ದಂಡಿಸಿ ಬಾ ಅಂತ ಯಾವ ದೇವರೂ ಕೇಳಿಲ್ಲ.

ಇದಕ್ಕೆ ಹೆಂಗಸರೇ ಒಂದು ದಾರಿ ಹುಡುಕಿಕೊಂಡಿದ್ದಾರೆ. ಬೆಂಗಳೂರು, ಕೋಲಾರ, ರಾಮನಗರ, ಮಂಡ್ಯದ ಕಡೆ ಡಿಸೆಂಬರ್, ಜನವರಿಯಲ್ಲಿ ಕೆಂಪು ಸೀರೆ ಉಟ್ಟು, ಮಾಲೆ ಹಾಕಿ, ಇರುಮುಡಿ ಹೊತ್ತು ಸಾಲುಸಾಲು ಬಸ್ಸಿನಲ್ಲಿ ಹೋಗುವ ಓಂಶಕ್ತಿಯವರನ್ನು ನೀವೆಲ್ಲ ನೋಡಿದ್ದೀರಿ. ಅವರು ಹೋಗುವುದು ತಮಿಳುನಾಡಿನ ಮೇಲ್‌ಮರವತ್ತೂರಿಗೆ. ಅಲ್ಲಿಯ ಆದಿಪರಾಶಕ್ತಿ ಗುಡಿಯಲ್ಲಿ ಹೆಂಗಸರೇ ಗರ್ಭಗುಡಿಗೆ ಹೋಗಿ ಪೂಜೆ ಮಾಡಬಹುದು. ಮುಟ್ಟಾದವರಿಗೂ ತಡೆಯಿಲ್ಲ. ಈ ಪದ್ಧತಿ ತಂದ ಬಂಗಾರು ಅಡಿಗಳಾರ್ 2023ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಓದುವ ವಲಯದಲ್ಲಿ ಅಷ್ಟಾಗಿ ಯಾರೂ ಎತ್ತುವುದಿಲ್ಲ. ಆದರೆ ನಮ್ಮ ಬೀದಿಯಲ್ಲಿ ಮನೆಕೆಲಸ ಮಾಡುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಹೂ ಕಟ್ಟುವವರಿಗೆಲ್ಲ ಗೊತ್ತು. ಶಬರಿಮಲೆಗೆ ಗಂಡಸರು 41 ದಿನ ವ್ರತ ಮಾಡಿ ಹೋಗುವುದನ್ನು ಇವರು ವರ್ಷವರ್ಷವೂ ನೋಡಿದವರು. ಆ ವ್ರತಕ್ಕೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಡಿ ಅಡುಗೆ ಮಾಡಿದವರೂ ಇವರೇ. 10ರಿಂದ 50 ವರ್ಷದವರೆಗಿನ ಹೆಂಗಸರಿಗೆ ಆ ಬೆಟ್ಟ ಇರಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, ಅದರ ಮೇಲೆ ಗಲಾಟೆಯೂ ನಡೆಯಿತು. ಅದರ ಗೋಜಿಗೆ ಹೋಗದೆ ಇವರು ತಮಗೆ ಮಾಲೆ ಹಾಕುವ ಇನ್ನೊಂದು ಗುಡಿಯನ್ನು ಎಷ್ಟೋ ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ಚುನಾವಣೆ ಹತ್ತಿರ ಬಂದರೆ ಇವರಿಗೆ ಬಸ್ಸು ಮಾಡಿಸಿಕೊಡುವ ರಾಜಕಾರಣಿಗಳಿದ್ದಾರೆ, ನಿಜ. ಬಸ್ಸು ಯಾರದ್ದಾದರೂ ಇರಲಿ, ಒಳಗೆ ಹಾಡು ಅವರದ್ದು.

ನಂಬಿಕೆಗೆ ಹೆದರಿ ಮನೆಯಲ್ಲಿ ಉಳಿದವರು ಹೆಂಗಸರು ಮಾತ್ರ ಅಲ್ಲ ಅನ್ನುವುದಕ್ಕೆ ಚಾಮರಾಜನಗರ ಇದೆ. ಆ ಊರಿಗೆ ಕಾಲಿಟ್ಟರೆ ಅಧಿಕಾರ ಹೋಗುತ್ತದೆ ಅಂತ ಎಷ್ಟೋ ಮುಖ್ಯಮಂತ್ರಿಗಳು ಅಲ್ಲಿಗೆ ಹೋಗಲೇ ಇಲ್ಲ. ಕಾರು, ಹೆಲಿಕಾಪ್ಟರು, ಎಲ್ಲ ಇದ್ದವರು. ಸಿದ್ದರಾಮಯ್ಯನವರು 2013ರಲ್ಲಿ ಹೋದರು, ಆಮೇಲೂ ಹೋದರು, 2018ರವರೆಗೆ ಅವಧಿ ಪೂರ್ತಿ ಮಾಡಿದರು. 2025ರ ಏಪ್ರಿಲ್‌ನಲ್ಲಿ ಅದೇ ಜಿಲ್ಲೆಯ ಮಾದಪ್ಪನ ಬೆಟ್ಟದಲ್ಲಿ ಸಚಿವ ಸಂಪುಟದ ಸಭೆಯೇ ನಡೆಯಿತು. ಇದನ್ನು ಹೇಳುವುದು ರಾಜಕೀಯಕ್ಕಲ್ಲ. ಊರಿಗೆ ಬಾರದ ಮುಖ್ಯಮಂತ್ರಿಗೂ ಓಣಿಯಲ್ಲಿ ಬಾಗಿಲು ಮುಂದೆ ಮಾಡಿಕೊಂಡ ತಾಯಿಗೂ ಒಂದು ವ್ಯತ್ಯಾಸ ಇದೆ. ಆ ಮುಖ್ಯಮಂತ್ರಿಗಳು ಹೆದರಿದ್ದು ತಮ್ಮ ಒಳ್ಳೆಯದಕ್ಕಾಗಿ. ಆ ತಾಯಿ ಬೇರೆಯವರ ಒಳ್ಳೆಯದಕ್ಕಾಗಿ ಒಳಗೆ ಕೂತರು.

ಇನ್ನು ಬಸ್ಸಿನ ಮಾತು. 2025ರ ಜುಲೈ ಹೊತ್ತಿಗೆ ಶಕ್ತಿಯ ಶೂನ್ಯ ಟಿಕೆಟ್ಟುಗಳ ಲೆಕ್ಕ 500 ಕೋಟಿ ಮುಟ್ಟಿತು. ಈ 500 ಕೋಟಿಯಲ್ಲಿ ದೇವಸ್ಥಾನದ್ದು ಎಷ್ಟು? ನಾನು ದಿನಾ ಬಸ್ಸಿನಲ್ಲಿ ಓಡಾಡುವವಳು, ಕಣ್ಣಾರೆ ನೋಡುವುದನ್ನು ಹೇಳುತ್ತೇನೆ. ಬೆಳಿಗ್ಗೆ ನನ್ನ ಜೊತೆ ಹತ್ತುವವರು ಗಾರ್ಮೆಂಟ್ಸ್‌ನವರು, ಆಸ್ಪತ್ರೆ ಆಯಾಗಳು, ಅಂಗನವಾಡಿಯವರು, ಮಾರುಕಟ್ಟೆಗೆ ಸೊಪ್ಪು ಒಯ್ಯುವವರು, ಕಾಲೇಜು ಹುಡುಗಿಯರು. ಬೆಟ್ಟಕ್ಕೆ ಹೋಗುವವರು ವಿಡಿಯೊದಲ್ಲಿ ಕಾಣುತ್ತಾರೆ. ದಿನಾ ಕೆಲಸಕ್ಕೆ ಹೋಗುವವರ ವಿಡಿಯೊ ಯಾರೂ ಮಾಡುವುದಿಲ್ಲ.

ತೊಂದರೆಗಳೂ ಇವೆ. ಸ್ಟಾಪಿನಲ್ಲಿ ಬರೀ ಹೆಂಗಸರು ನಿಂತಿದ್ದರೆ ಕೆಲವು ಬಸ್ಸು ನಿಲ್ಲಿಸದೆ ಹೋಗುತ್ತವೆ. ಕೈ ಅಡ್ಡ ಹಿಡಿದು ನಿಂತಿದ್ದ ವಯಸ್ಸಾದವರು ಧೂಳಿನಲ್ಲಿ ಹಿಂದೆ ಸರಿಯುವುದನ್ನು ನೋಡಿದ್ದೇನೆ. ಕಂಡಕ್ಟರುಗಳ ಕಷ್ಟವೂ ಸಣ್ಣದಲ್ಲ. ಐವತ್ತು ಜನರ ಬಸ್ಸಿನಲ್ಲಿ ತೊಂಬತ್ತು ಜನರ ಆಧಾರ್ ನೋಡಿ, ಮಿಷನ್ನಿನಲ್ಲಿ ಟಿಕೆಟ್ ಹರಿದು, ಮುಂದಿನ ಸ್ಟಾಪಿನೊಳಗೆ ಮುಗಿಸಬೇಕು. 2025ರ ಜನವರಿಯಲ್ಲಿ ಟಿಕೆಟ್ ದರ ಶೇಕಡ 15 ಜಾಸ್ತಿಯಾದ ಮೇಲೆ ದುಡ್ಡು ಕೊಡುವ ಗಂಡಸರ ಸಿಟ್ಟೂ ಅವರ ಮೇಲೆಯೇ. ಇದಕ್ಕೆ ಪರಿಹಾರ ಹೆಂಗಸರನ್ನು ಮನೆಯಲ್ಲಿ ಕೂರಿಸುವುದಲ್ಲ, ಬಸ್ಸು ಜಾಸ್ತಿ ಮಾಡುವುದು.

ಮತ್ತೆ ಶೌಚಾಲಯ. ದೂರದ ಊರಿಗೆ ಹೊರಟ ಹೆಂಗಸರು ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡುತ್ತಾರೆ. ಮುರುಡೇಶ್ವರದ ದಾರಿಯಲ್ಲಿ ಆ ಅಜ್ಜಿ ಮಧ್ಯಾಹ್ನದವರೆಗೆ ಒಂದು ಗುಟುಕು ನೀರು ಕುಡಿಯಲಿಲ್ಲ. ಎಲ್ಲಿ ಇಳಿಸುತ್ತಾರೋ, ಹೇಗಿರುತ್ತದೋ ಅನ್ನುವ ಭಯ. ಟಿಕೆಟ್ ಪುಕ್ಕಟೆ ಮಾಡಿದಷ್ಟೇ ಮುಖ್ಯ ಬಸ್ ಸ್ಟ್ಯಾಂಡಿನಲ್ಲಿ ಚಿಲಕ ಬೀಳುವ ಬಾಗಿಲು, ನಲ್ಲಿಯಲ್ಲಿ ನೀರು.

ಮಾತು ಮುಗಿದ ಮೇಲೆ ಒಬ್ಬರು ಹಿರಿಯರು ಎದ್ದು ಕೇಳಿದರು: 'ಹಾಗಾದರೆ ಹೆಂಗಸರು ಇನ್ನೂ ದೇವರ ಹೆಸರು ಹೇಳಿಯೇ ಹೊರಡಬೇಕಾ ಮೇಡಂ?'

ಬೇಡ ಅಂದೆ. ಬದಲಾವಣೆ ಶುರುವಾಗಿದೆ. ನಮ್ಮ ಕಾಲೇಜಿನ ಹುಡುಗಿಯರು ಶನಿವಾರ ಕ್ಲಾಸು ಮುಗಿಸಿ ಮೈಸೂರಿಗೆ ಹೋಗುತ್ತಾರೆ. ಎಲ್ಲಿಗ್ರಮ್ಮಾ ಅಂದರೆ 'ಸುಮ್ನೆ ಮಿಸ್, ಹಂಗೇ ಒಂದ್ ರೌಂಡ್' ಅನ್ನುತ್ತಾರೆ. ಅರಮನೆ ಮುಂದೆ ಫೋಟೊ ತೆಗೆದುಕೊಂಡು, ದೇವರಾಜ ಮಾರ್ಕೆಟ್ಟಿನಲ್ಲಿ ಸುತ್ತಾಡಿ, ಚುರುಮುರಿ ತಿಂದು ಬರುತ್ತಾರೆ. ಅವರ ಬಾಯಲ್ಲಿ ಆ 'ಸುಮ್ನೆ' ಕೇಳಿದಾಗಲೆಲ್ಲ ನನಗೆ ಆಗುವ ಸಂತೋಷ ದೊಡ್ಡದು. ಅವರ ತಾಯಂದಿರು ಹಾಗೆ ಒಂದು ದಿನವೂ ಹೋದವರಲ್ಲ. ಆದರೆ ಅವರು ನಾಲ್ಕು ಗಂಟೆಗೇ ಓಡೋಡಿ ವಾಪಸ್ ಬಸ್ ಸ್ಟ್ಯಾಂಡಿಗೆ ಬರಬೇಕು. ಯಾಕೆಂದರೆ ಅವರ ಹಳ್ಳಿಗಳಿಗೆ ಇಲ್ಲಿಂದ ಕೊನೆಯ ಬಸ್ಸು ಆರೂವರೆಗೆ. ಅದು ತಪ್ಪಿದರೆ ಅಣ್ಣನೋ ಅಪ್ಪನೋ ಬೈಕು ತರಬೇಕು. ತಂದರೆ ಮುಂದಿನ ಶನಿವಾರ ಇಲ್ಲ.

ಈ ಸಭೆಯಲ್ಲಿ ಡಿಪೋದವರು ಇಬ್ಬರು ಬಂದು ಕೂತಿದ್ದಾರೆ, ನನಗೆ ಗೊತ್ತು. ಸರ್, ಆ ಆರೂವರೆ ಬಸ್ಸನ್ನು ಎಂಟು ಗಂಟೆಗೆ ಬಿಡಲು ಆಗುತ್ತಾ ನೋಡಿ. ಅರ್ಜಿ ಬರೆದು ತಂದಿದ್ದೇನೆ. ಹುಡುಗಿಯರೇ ಸಹಿ ಮಾಡಿದ್ದಾರೆ.